ಹಾರುವ ದೋಣಿಯ ಹನ್ನೆರಡನೆಯ ಹೆಸರು

ಪರ್ತ್ ನಗರದ ಸ್ವಾನ್ ನದಿಯ ದಂಡೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಏಪ್ರಿಲ್ ತಿಂಗಳ ಮೊದಲ ಭಾನುವಾರ. ಶನಿವಾರ ಸಂಜೆ ಹುಲ್ಲಿನ ಮೇಲೆ ಬಾರ್ಬಿ ಮಾಡಿ, ಅಂದರೆ ಮಾಂಸ ಸುಟ್ಟು ತಿಂದು, ಬಿಯರ್ ಕುಡಿದು ಎದ್ದುಹೋದವರ ಗುರುತುಗಳೆಲ್ಲ ಹಾಗೆಯೇ ಬಿದ್ದಿವೆ. ಹಳದಿ ಜಾಕೆಟ್ ತೊಟ್ಟ ಐವತ್ತೆಂಟರ ನಟರಾಜ್ ಅದನ್ನೆಲ್ಲ ಆಮೇಲೆ ನೋಡಿಕೊಂಡರಾಯಿತೆಂದು ಬಿಟ್ಟು, ಮೊದಲು ಒಂದು ಕಲ್ಲಿನ ಮುಂದೆ ಮಂಡಿಯೂರುತ್ತಾರೆ. ಸೊಂಟದೆತ್ತರದ ಬೂದು ಕಲ್ಲು. ಸೀಗಲ್ ಹಕ್ಕಿಗಳು ರಾತ್ರಿಯೆಲ್ಲ ಅದಕ್ಕೆ ತಮ್ಮದೇ ಕ್ರಮದಲ್ಲಿ ಅಭಿಷೇಕ ಮಾಡಿವೆ. ನಟರಾಜ್ ಬಕೆಟ್ಟಿನಲ್ಲಿ ಬ್ರಷ್ ಅದ್ದಿ ಉಜ್ಜುತ್ತಾರೆ, ನೀರು ಸುರಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ನಡುನಡುವೆ ಕೈಗವಸು ಕಳಚಿ ಫೋನ್ ತೆಗೆದು ನೋಡುತ್ತಾರೆ.

“ಇಷ್ಟು ಹೊತ್ತಿಗೆ ಬಂದ್ಬಿಡ್ಬೇಕಿತ್ತು ಫೋನು. ಯಾವತ್ತೂ ಹೀಗ್ ಮಾಡ್ದೋರಲ್ಲ,” ಎನ್ನುತ್ತಾರೆ. ಮುಖ ಸಪ್ಪಗಿದೆ.

ಬರಬೇಕಾದ ಫೋನು ಅಡಿಲೇಡ್‌ನದು. ಅಲ್ಲಿನ ವೃದ್ಧಾಶ್ರಮವೊಂದರಲ್ಲಿರುವ ಕ್ಲಾರೆನ್ಸ್ ಪಿಯರ್ಸ್ ಎಂಬ ನೂರೊಂದು ವರ್ಷದ ಅಜ್ಜ, ಕಳೆದ ದೀಪಾವಳಿಯಿಂದ ಈಚೆಗೆ, ಬೆಳಗಿನ ಚಹಾ ಮುಗಿಸಿ ಅಲ್ಲಿನ ಎಂಟು ಗಂಟೆಗೆ ಸರಿಯಾಗಿ, ಅಂದರೆ ಪರ್ತ್‌ನಲ್ಲಿ ಇನ್ನೂ ಐದೂವರೆಯಿರುವಾಗ, ಇವರಿಗೆ ದಿನಾ ಕರೆ ಮಾಡುತ್ತಾರೆ. “ಇವತ್ತೂ ಇಲ್ಲ, ಮೇಟ್,” ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಇವತ್ತೂ ಸತ್ತಿಲ್ಲ ಎಂದು ಅದರ ಅರ್ಥ. ಅಡಿಲೇಡ್‌ನ ಅಜ್ಜ ತಾನು ಬದುಕಿರುವ ವರದಿಯನ್ನು ಪರ್ತ್‌ನ ಕ್ಲೀನಿಂಗ್ ಕೆಲಸದವರೊಬ್ಬರಿಗೆ ಯಾಕೆ ಒಪ್ಪಿಸಬೇಕು ಅಂತೀರಾ? ಆ ಅಜ್ಜನನ್ನು ನಟರಾಜ್ ಈಗಾಗಲೇ ಒಂಬತ್ತು ಸಲ ಪಿತೃಲೋಕಕ್ಕೆ ಕಳಿಸಿದ್ದಾರೆ. ಅದೂ ಮಂತ್ರಸಹಿತವಾಗಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮ ನಟರಾಜ್ ಆ ಗಾದೆಯನ್ನು ಇನ್ನೊಂದು ತುದಿಯಿಂದ ಹಿಡಿದವರು.

ಮೈಸೂರಿನ ಅಗ್ರಹಾರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವರು ಅವರು. ಹೆಂಡತಿ ಮೈಥಿಲಿಗೆ ಪರ್ತ್ ಸಿಟಿಯ ಗಣಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಾಗ ಅಂಗಡಿಗೆ ಬೀಗ ಹಾಕಿ ಬೆನ್ನ ಹಿಂದೆಯೇ ಬಂದರು. ವೀಸಾದಲ್ಲಿ ಅವರ ಹುದ್ದೆ ‘ಡಿಪೆಂಡೆಂಟ್’. “ಜನ್ಮದಲ್ಲಿ ಯಾರೂ ನನ್ನನ್ನ ಇಷ್ಟು ಕರೆಕ್ಟಾಗಿ ವರ್ಣನೆ ಮಾಡಿರ್ಲಿಲ್ಲ,” ಎಂದು ಅವರೇ ನಗುತ್ತಾರೆ. ಇಂಟರ್‌ವ್ಯೂಗೆ ಹೋದಲ್ಲೆಲ್ಲ ಇಲ್ಲಿನ ಅನುಭವ ಇದೆಯಾ ಎಂದು ಕೇಳಿದರು. ಇಲ್ಲಿ ಕೆಲಸ ಕೊಟ್ಟರೆ ತಾನೇ ಇಲ್ಲಿನ ಅನುಭವ? ಕೊನೆಗೆ ಅನುಭವ ಕೇಳದೆ ಬ್ರಷ್ ಕೊಟ್ಟವನು ನದಿ ದಂಡೆಯನ್ನು ಚೊಕ್ಕಟವಾಗಿಡುವ ಕಂತ್ರಾಟುದಾರ. ಕಸದ ಡಬ್ಬ, ಶೌಚಾಲಯ, ಜಿಡ್ಡು ಹಿಡಿದ ಬಾರ್ಬಿ ಒಲೆಗಳು, ಬೆಂಚುಗಳು, ಸ್ಮಾರಕದ ಕಲ್ಲುಗಳು. ಊರ ಹೊರವಲಯದ ಥಾರ್ನ್ಲಿಯ ಮನೆಯಿಂದ ಕತ್ತಲಿರುವಾಗಲೇ ಹೊರಟು, ಬಿಸಿಲೇರುವುದರೊಳಗೆ ಮೂರು ಮೈಲಿ ದಂಡೆ ತೊಳೆದು ಮುಗಿಸಬೇಕು. ಬೆನ್ನು ಹಿಡಿದುಕೊಂಡರೆ ಬಿಸಿನೀರಿನ ಚೀಲ, ಚಳಿಗೆ ಬೆರಳು ಸೆಟೆದರೆ ಫ್ಲಾಸ್ಕಿನ ಕಾಫಿ. ವಾಕಿಂಗ್ ಬರುವವರು ನಾಯಿಗೆ ಗುಡ್ ಮಾರ್ನಿಂಗ್ ಹೇಳುತ್ತಾರೆ, ಇವರಿಗೆ ಹೇಳುವವರು ಕಮ್ಮಿ.

ಮೈಸೂರಿನ ನೆಂಟರು ಕೇಳಿದರೆ ಮೈಥಿಲಿ, “ಅವರು ಎನ್‌ವಿರಾನ್‌ಮೆಂಟ್ ಫೀಲ್ಡಲ್ಲಿದಾರೆ,” ಎನ್ನುತ್ತಾರೆ. ಸುಳ್ಳೇನಲ್ಲ ಬಿಡಿ.

ಇನ್ನು ಆ ಕಲ್ಲಿನ ಕತೆ. ಮಹಾಯುದ್ಧದ ಕಾಲದಲ್ಲಿ ಈ ನದಿಯ ಮೇಲೆ ಸೇನೆಯ ಹಾರುವ ದೋಣಿಗಳು ಇಳಿಯುತ್ತಿದ್ದವು. ಹೊಟ್ಟೆ ದೋಣಿಯದು, ರೆಕ್ಕೆ ವಿಮಾನದ್ದು. ನೀರಿನಿಂದಲೇ ಏಳುವುದು, ನೀರಿಗೇ ಇಳಿಯುವುದು. ಅವುಗಳಲ್ಲಿ ಸಾಮಾನು ಸಾಗಿಸುವ ಒಂದಕ್ಕೆ ಸಿಬ್ಬಂದಿ ‘ಮೇಬಲ್’ ಎಂದು ಹೆಸರಿಟ್ಟಿದ್ದರು. ಒಂದು ಬೆಳಿಗ್ಗೆ ಟಪಾಲು, ದಿನಸಿ, ಹನ್ನೊಂದು ಜನರನ್ನು ಹೊತ್ತು ಉತ್ತರದ ಕಡೆ ಹಾರಿದ ಮೇಬಲ್ ಮತ್ತೆ ಬರಲಿಲ್ಲ. ಒಂದು ಹಲಗೆ ಚೂರೂ ಸಿಗಲಿಲ್ಲ. ಹೋದವರ ಹೆಸರುಗಳನ್ನು ಕೆತ್ತಿ ಬಹಳ ವರ್ಷಗಳ ಮೇಲೆ ಈ ಕಲ್ಲು ನಿಲ್ಲಿಸಿದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಟರಾಜರ ತಂದೆ ಮೈಸೂರಿನಲ್ಲಿ ತೀರಿಕೊಂಡರು. ಮುಂದಿನ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಹತ್ತಿರದಲ್ಲಿದ್ದದ್ದು ಇದೇ ನದಿ. ಕೆಲಸ ಮುಗಿಸಿ, ಶೌಚಾಲಯದಲ್ಲಿ ಪಂಚೆ ಉಟ್ಟು, ಸ್ಟೀಲ್ ತಟ್ಟೆಯಲ್ಲಿ ತರ್ಪಣ ಬಿಟ್ಟರು. ನದಿಗೆ ಎಳ್ಳು ಹಾಕಿದರೆ ಅದನ್ನು ಕಂಡು ಬೈಯಬೇಕಾದ ನೌಕರನೂ ತಾವೇ ಆದ್ದರಿಂದ ನೀರನ್ನು ಹುಲ್ಲಿಗೆ ಚೆಲ್ಲಿದರು. ಪಿಂಡ ಇಟ್ಟರೆ ಪರ್ತ್‌ನ ಕಾಗೆ ಎಳೆ ಮಗುವಿನಂತೆ ರಾಗ ಎಳೆಯುತ್ತ ಮರದಲ್ಲೇ ಕೂತಿತು, ಸೀಗಲ್ ಬಂದು ಎತ್ತಿಕೊಂಡು ಹೋಯಿತು. “ನಮ್ಮಪ್ಪನಿಗೆ ಮೊದ್ಲಿಂದ್ಲೂ ಫಾರಿನ್ ಅಂದ್ರೆ ಆಸೆ, ಹೋಗ್ಲಿ ಅಂದ್ಕೊಂಡೆ,” ಎನ್ನುತ್ತಾರೆ ನಟರಾಜ್.

ತರ್ಪಣದ ಕೊನೆಗೆ, ತಾಯಿ ತಂದೆ ಬಂಧುಗಳು ಯಾರೂ ಇಲ್ಲದವರಿಗೆಂದು ಒಂದು ಬೊಗಸೆ ನೀರು ಬಿಡುವ ಪದ್ಧತಿಯಿದೆ. ಆ ಹೊತ್ತಿಗೆ ಕಣ್ಣೆತ್ತಿದರೆ ಎದುರಿಗೆ ಆ ಕಲ್ಲು. “ದಿನಾ ಇವರ ಮುಖ ತೊಳೀತೀನಿ. ವರ್ಷಕ್ಕೊಂದ್ಸಲ ಕುಡಿಯೋಕೆ ನೀರು ಕೊಡೋಕಾಗಲ್ವಾ ಅನ್ನಿಸ್ಬಿಡ್ತು. ಪಾಪ, ನೀರಲ್ಲೇ ಹೋದೋರು, ನೀರೇ ಸಿಕ್ಕಿರಲ್ಲ.” ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರವೆಂಬುದು ರೂಢಿ, ನಟರಾಜರದೂ ಅದೇ. ಹಾಗಾಗಿ ಫ್ಲೈಟ್ ಲೆಫ್ಟಿನೆಂಟ್ ಹಾಬ್ಸ್‌ನಿಂದ ಶುರುವಾಗಿ ಎಲ್ಲರೂ ಒಂದೇ ಏಟಿಗೆ ಕಾಶ್ಯಪ ಗೋತ್ರದವರಾದರು. ಕಲ್ಲಿನಲ್ಲಿ ಓದಿ ಓದಿ ಹೆಸರುಗಳು ಬಾಯಿಪಾಠವಾದವು. ಹನ್ನೆರಡು ಹೆಸರು, ಹನ್ನೆರಡು ಬೊಗಸೆ.

ಎಡವಿದ್ದು ಇಲ್ಲೇ. ಸತ್ತವರು ಹನ್ನೊಂದು ಜನ. ಹನ್ನೆರಡನೆಯದು, ಎಲ್ಲರಿಗಿಂತ ಕೆಳಗೆ ಹುಲ್ಲಿಗೆ ತಾಗಿಕೊಂಡು ಚಿಕ್ಕ ಅಕ್ಷರದಲ್ಲಿದ್ದದ್ದು, ಕಲ್ಲು ಹಾಕಿಸಿದವನ ಹೆಸರು. ಹಾಗೆಂದು ಹೇಳುವ ಸಾಲು ಪಾಚಿ ತುಂಬಿ ಮುಚ್ಚಿಹೋಗಿತ್ತು. ನಟರಾಜ್ ತಮ್ಮ ಪರವಾಗಿ ವಾದಿಸುತ್ತಾರೆ: “ನೀವೇ ಹೇಳಿ, ನಮ್ಮೂರಲ್ಲಿ ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ರೆ ಬೆಳಕು ಬರೋಕೂ ಜಾಗ ಬಿಡ್ದೆ ಹೆಸರು ಬರೆಸ್ತಾರೆ. ಕಲ್ಲು ಹಾಕ್ಸಿದೋನು ತನ್ನ ಹೆಸರನ್ನ ಎಲ್ಲರ ಕಾಲ ಕೆಳಗೆ ಸಣ್ಣದಾಗಿ ಹಾಕ್ಕೋತಾನೆ ಅಂತ ಯಾರಾದ್ರೂ ಊಹೆ ಮಾಡ್ತಾರಾ?”

ವಾದದಲ್ಲಿ ಹುರುಳಿದೆ. ಆದರೆ ಹೋದ ವರ್ಷ ಜೋ ಎಂಬ ಹೆಣ್ಣುಮಗಳು ಬಂದು ಕಲ್ಲಿನ ಫೋಟೋ ತೆಗೆಯುತ್ತ, “ನಮ್ಮಜ್ಜ ಹಾಕಿಸಿದ್ದು. ಬರುವ ವಾರ ಅವರಿಗೆ ನೂರೊಂದು ತುಂಬುತ್ತೆ. ಎಷ್ಟು ಚೆನ್ನಾಗಿ ಇಟ್ಟಿದ್ದೀರ!” ಎಂದು ಕೊನೆಯ ಹೆಸರನ್ನು ತೋರಿಸಿದಾಗ ನಟರಾಜರ ಕೈಯಿಂದ ಬ್ರಷ್ ಜಾರಿತು. ಬದುಕಿರುವ ಜೀವಕ್ಕೆ ಒಂಬತ್ತು ವರ್ಷ ಎಳ್ಳುನೀರು! ಮನೆಗೆ ಬಂದು ಊಟ ಬಿಟ್ಟರು. ಮೈಥಿಲಿ ತಲೆ ಚಚ್ಚಿಕೊಂಡರು. “ರೀ, ಹಾಲ್‌ನಲ್ಲಿ ಒಂದು ಬಲ್ಬ್ ಹಾಕಿ ಅಂತ ಯುಗಾದಿಯಿಂದ ಹೇಳ್ತಿದೀನಿ, ಅದಕ್ಕೆ ಪುರುಸೊತ್ತಿಲ್ಲ. ಗುರುತಿಲ್ದೋರಿಗೆ ತಿಥಿ ಮಾಡೋಕೆ ಮಾತ್ರ ಪುರುಸೊತ್ತಿದೆ!”

ಈಗ, ಕಲ್ಲು ತೊಳೆದದ್ದಾಗಿದೆ. ನದಿಯ ಮೇಲೆ ಬೆಳಕು ಬಿದ್ದು ಕಪ್ಪು ಹಂಸಗಳು ಕಾಣಿಸುತ್ತಿವೆ. ಫೋನ್ ಬಂದಿಲ್ಲ. ನಟರಾಜ್ ತಾವೇ ಮಾಡುತ್ತಾರೆ. ಆ ಕಡೆ ಗಂಟೆ ಹೊಡೆದು ಹೊಡೆದು ನಿಲ್ಲುತ್ತದೆ. ಜೋಗೆ ಮಾಡಿದರೆ ಸ್ವಿಚ್ ಆಫ್. “ಭಾನುವಾರ, ಮಲಗಿರ್ತಾಳೆ,” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆಮೇಲೆ ಬ್ರಿಸ್ಬೇನ್‌ಗೆ ಫೋನ್ ಹಚ್ಚುತ್ತಾರೆ.

ಬ್ರಿಸ್ಬೇನ್‌ನಲ್ಲಿರುವವರು ನಾಗೇಂದ್ರ ಭಟ್ಟರು. ವಾರದ ದಿನಗಳಲ್ಲಿ ಸೇತುವೆ ಇಂಜಿನಿಯರು, ಶನಿವಾರ ಭಾನುವಾರ ಪುರೋಹಿತರು. ಈ ದೇಶದ ಎಷ್ಟೋ ಕನ್ನಡಿಗರ ಗೃಹಪ್ರವೇಶಗಳು ಅವರ ವಿಡಿಯೋ ಕಾಲ್‌ನಲ್ಲೇ ಆಗಿವೆ. ಹೋದ ವರ್ಷ ನಟರಾಜ್ ಮೊದಲು ಓಡಿದ್ದೂ ಅವರ ಹತ್ತಿರಕ್ಕೇ. ಆಗ ನಡೆದ ಮಾತುಕತೆ ಎರಡೂ ಮನೆಗಳಲ್ಲಿ ಈಗ ಕಂಠಪಾಠ.

“ಭಟ್ರೇ, ಬದುಕಿರೋರಿಗೆ ಎಳ್ಳುನೀರು ಬಿಟ್ಬಿಟ್ರೆ ಏನಾಗುತ್ತೆ?”

“ಯಾರಿಗೆ ಬಿಟ್ರಿ?”

“ಒಬ್ರು ಅಂಕಲ್‌ಗೆ. ಒಂಬತ್ತು ಸಲ.”

“ಶಿವ ಶಿವಾ! ಅವರ ವಯಸ್ಸೆಷ್ಟು?”

“ನೂರಾ ಒಂದು. ಗಟ್ಟಿಮುಟ್ಟಾಗಿದಾರಂತೆ.”

ಭಟ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಹಾಗಾದ್ರೆ ನಿಮ್ಮ ಉಚ್ಚಾರಣೆ ಎಲ್ಲೋ ತಪ್ಪಿದೆ ನಟರಾಜ್.”

ತಮಾಷೆ ಮುಗಿದ ಮೇಲೆ ಭಟ್ಟರು ಪುಸ್ತಕ ನೋಡಿ ಹೇಳಿದ ಪರಿಹಾರ ಕೇಳಿ ನಟರಾಜ್ ನಿಂತಲ್ಲೇ ಕೂತರು. ಸತ್ತವರ ಕ್ರಿಯೆ ಮಾಡಿಸಿಕೊಂಡವನು ಬದುಕಿದ್ದರೆ ಅವನು ಮತ್ತೆ ಹುಟ್ಟಬೇಕು. ಮೊದಲು ತುಪ್ಪದಲ್ಲಿ ಮುಳುಗಿಸಿ ಎತ್ತುವುದು, ಆಮೇಲೆ ಜಾತಕರ್ಮ, ನಾಮಕರಣ ಎಲ್ಲ ಮೊದಲಿಂದ, ಕಡೆಗೆ ತನ್ನ ಹೆಂಡತಿಯನ್ನೇ ಮತ್ತೊಮ್ಮೆ ಮದುವೆ. ಅದಕ್ಕೂ ಮೊದಲು, ಮಾಡಿದ ತಪ್ಪನ್ನು ಆ ಮನುಷ್ಯನ ಎದುರು ನಿಂತು ಹೇಳಬೇಕು. “ತುಪ್ಪಾನಾದ್ರೂ ಹೊಂದಿಸ್ತೀನಿ ಭಟ್ರೇ, ಹೇಳೋದು ಹ್ಯಾಗೆ?” ಎಂದರಂತೆ ನಟರಾಜ್.

ಗಂಡ ಹೆಂಡತಿ ಇಬ್ಬರೂ ಅಡಿಲೇಡ್‌ಗೆ ಹೋದರು. ಕ್ಲಾರಿ, ಎಲ್ಲರೂ ಅಜ್ಜನನ್ನು ಕರೆಯುವುದು ಹಾಗೆ, ಕಿಟಕಿಯ ಪಕ್ಕ ತೂಗುವ ಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಗಳು ಜೋ ಜೊತೆಗಿದ್ದಳು. ನಟರಾಜ್ ಮೆಲ್ಲಗೆ ಎಲ್ಲವನ್ನೂ ಹೇಳಿದರು. ಅಜ್ಜ ಹಿಯರಿಂಗ್ ಏಡ್ ಸರಿಮಾಡಿಕೊಂಡು ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದರು. “ಒಂದ್ಸಲ ಹೇಳೋಕೇ ಜೀವ ಹೋಗಿತ್ತು, ಎರಡನೇ ಸಲ ಕಿರುಚಿ ಹೇಳ್ಬೇಕಾಯ್ತು. ಇಡೀ ವಾರ್ಡಿಗೆ ಗೊತ್ತಾಯ್ತು,” ಎಂದು ನಟರಾಜ್ ಈಗಲೂ ಮುಖ ಮುಚ್ಚಿಕೊಳ್ಳುತ್ತಾರೆ.

“ಏನು ಕೊಡ್ತಿದ್ದೆ ಅವರಿಗೆ?” ಎಂದರು ಕ್ಲಾರಿ.

“ಎಳ್ಳು, ನೀರು. ಒಂದು ಅನ್ನದ ಉಂಡೆ.”

“ನನಗೂ?”

“ನಿಮಗೂ ಅಂಕಲ್. ತಪ್ಪಾಗೋಯ್ತು.”

ಅಜ್ಜ ಕಿಟಕಿಯ ಕಡೆ ತಿರುಗಿದರು. ಆಮೇಲೆ, ಜೋ ಕೂಡ ಅದುವರೆಗೆ ಕೇಳಿರದ ಕತೆ ಹೇಳಿದರು. ಮೇಬಲ್‌ನ ಸಿಬ್ಬಂದಿಯಲ್ಲಿ ಅವರೇ ಎಲ್ಲರಿಗಿಂತ ಚಿಕ್ಕವರು, ಹತ್ತೊಂಬತ್ತರ ಹುಡುಗ. ಆವತ್ತು ಒಳಗೆ ಕೂತೂ ಆಗಿತ್ತು. ಭಾರ ಹೆಚ್ಚಾಯಿತೆಂದು ಪೈಲಟ್ ಹಾಬ್ಸ್ ಒಬ್ಬರನ್ನು ಇಳಿಸಬೇಕಾಯಿತು. ಉತ್ತರದ ಶಿಬಿರಕ್ಕೆ ಎರಡು ಮೂಟೆ ಆಲೂಗಡ್ಡೆ ಹೋಗಲೇಬೇಕಿತ್ತು, ಕ್ಲಾರಿ ಹೋಗಲೇಬೇಕೆಂದೇನೂ ಇರಲಿಲ್ಲ. “ನನ್ನ ಜಾಗದಲ್ಲಿ ಆಲೂಗಡ್ಡೆ ಕೂತುಕೊಂಡು ಹೋಯ್ತು. ಜೆಟ್ಟಿಯ ಮೇಲೆ ನಿಂತು ಬೈದೆ ಅವರನ್ನೆಲ್ಲ. ಅದೇ ನಾನು ಅವರ ಜೊತೆ ಆಡಿದ ಕೊನೇ ಮಾತು.” ಅಂದಿನಿಂದ ಅಜ್ಜ ಆಲೂಗಡ್ಡೆ ಮುಟ್ಟಿಲ್ಲ. ಅಡುಗೆಯವರು ದಿನಾ ಅದನ್ನೇ ಬೇಯಿಸಿ ಕಲಸಿ ತಂದಿಡುವುದು, ಇವರು ತಟ್ಟೆ ತಳ್ಳುವುದು, ವೃದ್ಧಾಶ್ರಮದಲ್ಲಿ ಇದೊಂದು ದಿನನಿತ್ಯದ ಯುದ್ಧ.

“ಎಂಬತ್ತು ವರ್ಷದಿಂದ ಆ ವಿಮಾನ ಹತ್ತಬೇಕು ಅಂತ ನೋಡ್ತಿದ್ದೀನಿ. ಯಾರೂ ಹತ್ತಿಸಲಿಲ್ಲ, ನೀನು ಹತ್ತಿಸಿದ್ದೀಯ. ಈಗ ಬಂದು ಇಳಿಯಿರಿ ಅಂತೀಯಲ್ಲ ಮಾರಾಯ!” ಎಂದು ಕ್ಲಾರಿ ನಟರಾಜರ ಕೈ ಹಿಡಿದುಕೊಂಡರು. ಅಜ್ಜ ಅತ್ತರು. ನಟರಾಜರೂ ಅತ್ತರು. ಅಲ್ಲಿಯವರೆಗೆ ಗಂಡನನ್ನು ಬೈಯುತ್ತಲೇ ಬಂದಿದ್ದ ಮೈಥಿಲಿ ಕರ್ಚೀಫು ಹುಡುಕಿದರು.

ವಾತಾವರಣ ತಿಳಿಯಾಗಲೆಂದು ಮೈಥಿಲಿಯೇ ಒಂದು ಮಾತು ಹೇಳಿದರು. ನಮ್ಮ ಮನೆಗಳಲ್ಲಿ ಪಿತೃಗಳ ಅಡುಗೆಗೆ ಆಲೂಗಡ್ಡೆ ಬರುವುದಿಲ್ಲ, ಅದು ಹೊರಗಿಂದ ಬಂದ ತರಕಾರಿ, ತಿಥಿಗೆ ನಿಷಿದ್ಧ. ಕ್ಲಾರಿ ಕಣ್ಣರಳಿಸಿದರು. “ಆಲೂಗಡ್ಡೆ ಒಳಗೆ ಬಿಡಲ್ವಾ? ಖಂಡಿತವಾಗ್ಲೂ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. “ಎಂಥಾ ತಿಳಿವಳಿಕೆಯ ಧರ್ಮ!” ಎಂದರು.

ಆದರೆ ನಟರಾಜರಿಗೆ ಹೊಸ ಸಂಕಟ ಶುರುವಾಯಿತು. ಹೆಸರು ಬಿಟ್ಟರೆ ಅಜ್ಜನಿಗೆ ನೋವು, ಬಿಡದಿದ್ದರೆ ಬದುಕಿರುವವರಿಗೆ ಎಳ್ಳುನೀರು ಬಿಟ್ಟ ಪಾಪ. ಅತ್ತ ದರಿ ಇತ್ತ ಪುಲಿ. ದಾರಿ ತೋರಿದವರು ಬ್ರಿಸ್ಬೇನ್‌ನ ಭಟ್ಟರು. “ಅವರನ್ನ ಇಳಿಸ್ಬೇಡಿ, ಸೀಟು ಬದಲಾಯ್ಸಿ. ನೀರು ತಗೊಳ್ಳೋರ ಕಡೆಯಿಂದ ನೀರು ಕೊಡೋರ ಕಡೆಗೆ ಕೂರ್ಸಿ. ಅವರ ಸ್ನೇಹಿತರಿಗೆ ಅವರೇ ಬಿಡ್ಲಿ. ಮೊದಲು ನಾಮಕರಣ ಆಗ್ಬಿಡ್ಲಿ.”

ಹೀಗೆ ಅಡಿಲೇಡ್‌ನ ವೃದ್ಧಾಶ್ರಮದಲ್ಲಿ ನೂರೊಂದು ವರ್ಷದ ಕೂಸಿನ ನಾಮಕರಣವಾಯಿತು. ತುಪ್ಪದಲ್ಲಿ ಮುಳುಗಿಸುವ ಮಾತೆತ್ತಿದ್ದಕ್ಕೇ ನರ್ಸ್, ಜಾರಿ ಬಿದ್ದರೆ ಯಾರು ಹೊಣೆ ಎಂದು ಅಡ್ಡ ನಿಂತರು. ನೆತ್ತಿಗೆ ಒಂದು ಚಮಚ ಹಚ್ಚಿ ಮುಗಿಸಿದರು. ತೂಗುಕುರ್ಚಿಯೇ ತೊಟ್ಟಿಲು. ತಂದೆಯ ಸ್ಥಾನದಲ್ಲಿ ನಟರಾಜ್, ತಾಯಿಯ ಸ್ಥಾನದಲ್ಲಿ ಮೈಥಿಲಿ. “ಮಗೂನ ತೊಡೆ ಮೇಲೆ ಇಟ್ಕೋಬೇಕು, ಕೈ ಹಿಡ್ಕೊಂಡ್ರೂ ನಡೆಯುತ್ತೆ ಅಂತ ಭಟ್ರು ಫೋನಲ್ಲೇ ರಿಯಾಯಿತಿ ಕೊಟ್ರು,” ಎನ್ನುತ್ತಾರೆ ಮೈಥಿಲಿ. ಹೆಸರನ್ನು ಕಿವಿಯಲ್ಲಿ ಗುಟ್ಟಾಗಿ ಹೇಳುವ ಹೊತ್ತಿಗೆ ಕೂಸು ಹಿಯರಿಂಗ್ ಏಡ್ ತೆಗೆದಿಟ್ಟಿತ್ತು. ಕ್ಲಾರೆನ್ಸ್ ಪಿಯರ್ಸ್, ಕಾಶ್ಯಪ ಗೋತ್ರ, ಎಂದು ನಟರಾಜ್ ಮೂರು ಸಲ ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಹೆಂಡತಿ ಎಂದೋ ತೀರಿಕೊಂಡಿದ್ದರಿಂದ ಮದುವೆ ಬೇಡವೆಂದು ಭಟ್ಟರು ಬಿಟ್ಟುಕೊಟ್ಟರು. ಕ್ಲಾರಿಯೇ ಆಸೆಯಿಂದ, “ಕಡ್ಡಾಯ ಅಂದ್ರೆ ನನ್ನದೇನೂ ಅಭ್ಯಂತರ ಇಲ್ಲ,” ಎಂದು ಎದುರು ಕೋಣೆಯ ಅಜ್ಜಿಯ ಕಡೆ ನೋಡಿದರಂತೆ.

ಮಹಾಲಯ ಅಮಾವಾಸ್ಯೆಯ ದಿನ ಫೋನಿನ ಪರದೆಯಲ್ಲಿ ಮೂರು ಊರುಗಳು ಕೂಡಿದವು. ಬ್ರಿಸ್ಬೇನ್‌ನಿಂದ ಮಂತ್ರ, ಪರ್ತ್‌ನ ಕಲ್ಲಿನ ಮುಂದೆ ನಟರಾಜ್, ಅಡಿಲೇಡ್‌ನಲ್ಲಿ ಮಡಿಲ ಮೇಲೆ ಬೇಸಿನ್ ಇಟ್ಟುಕೊಂಡ ಕ್ಲಾರಿ. ಬೊಗಸೆಯ ಅರ್ಧ ನೀರು ಕಂಬಳಿಗೆ ಬಿತ್ತು. ಕಲ್ಲಿನ ಮೇಲಿನ ಹೆಸರುಗಳನ್ನು ನಟರಾಜ್ ಓದಿದರೆ ಅಜ್ಜ ಪ್ರತಿಯೊಂದಕ್ಕೂ ತಲೆಯಾಡಿಸಿ, ತಾವು ಕರೆಯುತ್ತಿದ್ದ ಅಡ್ಡಹೆಸರು ಸೇರಿಸಿದರು. ಬ್ಲೂಯಿ, ಶಾರ್ಟಿ, ಗೊರಕೆ ಹೊಡೆಯುತ್ತಿದ್ದವನು, ಕಾಗದ ಬರೆಯಲು ಬಾರದೆ ತನ್ನಿಂದ ಬರೆಸುತ್ತಿದ್ದವನು. ಹನ್ನೊಂದೂ ಮುಗಿದ ಮೇಲೆ, ಆವತ್ತು ಬೈದದ್ದಕ್ಕೆ ಕ್ಷಮಿಸಿ ಹುಡುಗರೇ, ಎಂದರು. ಭಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಮಾತು ಯಾವ ಮಂತ್ರಪುಸ್ತಕದಲ್ಲೂ ಇಲ್ಲ, ಇರಬೇಕಿತ್ತು ಎನ್ನುತ್ತಾರೆ.

ಆಮೇಲೆ ಒಂದು ವಾರ ಅಜ್ಜನಿಗೆ ನೆಗಡಿ ಜ್ವರ. ವಾಸಿಯಾದ ಮೇಲೂ ನಟರಾಜ್ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಮಾಡಿ ನರ್ಸುಗಳ ಪ್ರಾಣ ತಿಂದರು. ಬೇಸತ್ತ ಕ್ಲಾರಿ ದೀಪಾವಳಿಯ ಬೆಳಿಗ್ಗೆ ತಾವೇ ಫೋನ್ ತೆಗೆದುಕೊಂಡರು. “ಇನ್ನು ದಿನಾ ನಾನೇ ಮಾಡ್ತೀನಿ. ಇಲ್ಲದಿದ್ರೆ ನೀನು ಅವಸರ ಮಾಡಿ ಮತ್ತೆ ಶುರು ಹಚ್ಕೋತೀಯ.” ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಇವತ್ತಿನವರೆಗೆ.

ಇವತ್ತು ಬ್ರಿಸ್ಬೇನ್‌ನ ಭಟ್ಟರು ಯಾರದೋ ಸತ್ಯನಾರಾಯಣ ಪೂಜೆಯ ನಡುವೆಯೇ ಫೋನ್ ಎತ್ತಿ, “ಧೈರ್ಯ ತಗೊಳ್ಳಿ ನಟರಾಜ್,” ಎಂದಷ್ಟೇ ಹೇಳಿ ಇಡುತ್ತಾರೆ. ಧೈರ್ಯ ತಗೊಳ್ಳಿ ಎಂದರೆ ಇದ್ದಬದ್ದ ಧೈರ್ಯವೂ ಹೋಗುತ್ತದೆ. ನಟರಾಜ್ ವ್ಯಾನಿಗೆ ಹೋಗುತ್ತಾರೆ. ಸೀಟಿನ ಕೆಳಗಿಂದ ಎಳ್ಳಿನ ಡಬ್ಬಿ ತೆಗೆದು ತಂದು ಕಲ್ಲಿನ ಪಕ್ಕ ಹುಲ್ಲಿನ ಮೇಲೆ ಕೂರುತ್ತಾರೆ. ಮುಚ್ಚಳದ ಮೇಲೆ ಹೆಬ್ಬೆರಳಿಟ್ಟು ಹಾಗೆಯೇ ಇರುತ್ತಾರೆ. “ಒಂಬತ್ತು ವರ್ಷ ಲೀಲಾಜಾಲವಾಗಿ ಬಿಟ್ಟಿದೀನಿ ಈ ಹೆಸರಿಗೆ. ಇವತ್ತು ಕೈ ಬರ್ತಿಲ್ಲ ನೋಡಿ. ಆಗ ಅವರು ಬರೀ ಹೆಸರು.” ಕಣ್ಣು ಒರೆಸಿಕೊಳ್ಳಲು ಹೋಗಿ ಬ್ರಷ್ಷಿನ ಸೋಪು ಕಣ್ಣಿಗೆ ಹೋಗುತ್ತದೆ.

ಆಗ ಫೋನ್ ರಿಂಗಣಿಸುತ್ತದೆ.

“ಇವತ್ತೂ ಇಲ್ಲ, ಮೇಟ್!”

“ಅಂಕಲ್! ಎಲ್ಲಿ ಹೋಗಿದ್ರಿ? ಒಂದು ಗಂಟೆಯಿಂದ ಇಲ್ಲಿ ನನ್ನ ಪ್ರಾಣ ಹೋಗ್ತಿದೆ!”

“ಎಲ್ಲಿ ಹೋಗ್ಲಿ? ಸರಿಯಾಗಿ ಎಂಟಕ್ಕೇ ಮಾಡಿದ್ದೀನಿ. ಅಷ್ಟು ಬೇಗ ಫೋನ್ ಮಾಡಿದವನು ನೀನೇನಾ? ನಾನಿನ್ನೂ ಕಿವಿಯ ಯಂತ್ರ ಹಾಕಿರಲಿಲ್ಲ.” ಹಿಂದಿನಿಂದ ನರ್ಸ್ ಏನೋ ಹೇಳುವುದು ಕೇಳುತ್ತದೆ. ಅಜ್ಜ ಗೊಳ್ಳೆಂದು ನಗುತ್ತಾರೆ. ಬೇಸಿಗೆ ಮುಗಿಯಿತೆಂದು ಅಡಿಲೇಡ್‌ನವರು, ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರಗಳನ್ನು ರಾತ್ರಿಯೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದಾರೆ. ಪರ್ತ್‌ನಲ್ಲಿ ಆ ಪದ್ಧತಿಯಿಲ್ಲ, ಬ್ರಿಸ್ಬೇನ್‌ನಲ್ಲೂ ಇಲ್ಲ. ಇಬ್ಬರು ಕಾಶ್ಯಪ ಗೋತ್ರದವರ ನಡುವೆ ಒಂದು ಗಂಟೆ ಜಾಸ್ತಿ ಬಂದು ಕೂತಿತ್ತು, ಅಷ್ಟೇ.

“ಮತ್ತೆ ಡಬ್ಬಿ ತೆಗೆದ್ಯಾ?” ಎನ್ನುತ್ತಾರೆ ಕ್ಲಾರಿ.

“ತೆಗೆದೆ. ಮುಚ್ಚಳ ತೆಗೀಲಿಲ್ಲ.”

“ಒಳ್ಳೇ ಮಗ. ಅಲ್ಲ, ತಪ್ಪಾಯ್ತು, ಒಳ್ಳೇ ಅಪ್ಪ,” ಎಂದು ಅಜ್ಜ ಫೋನ್ ಇಡುತ್ತಾರೆ.

ನಟರಾಜ್ ಡಬ್ಬಿಯನ್ನು ವ್ಯಾನಿನಲ್ಲಿಟ್ಟು ಬರುತ್ತಾರೆ. ಬಿಸಿಲು ಬಂದಾಗಿದೆ, ದಂಡೆಯ ಕಸ ಪೂರ್ತಿ ಹಾಗೇ ಇದೆ, ಸೂಪರ್‌ವೈಸರ್ ಬೈಯುವುದು ಗ್ಯಾರಂಟಿ. ಆದರೂ ಮತ್ತೆ ಮಂಡಿಯೂರಿ ಹುಲ್ಲು ಸ್ವಲ್ಪ ಸರಿಸಿ, ಆಗಲೇ ತೊಳೆದಿದ್ದ ಕೊನೆಯ ಹೆಸರನ್ನು ಇನ್ನೊಮ್ಮೆ ತೊಳೆಯುತ್ತಾರೆ. ಹತ್ತು ವರ್ಷದಿಂದ ಈ ದಂಡೆ ತೊಳೆದವರಿಗೆ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಬ್ರಷ್ಷನ್ನು ಬಕೆಟ್ಟಿನಲ್ಲಿಟ್ಟು ಏಳುತ್ತಾರೆ.

“ದೊಡ್ಡದೇನೂ ಇಲ್ಲ ಸ್ವಾಮಿ. ಯಮಧರ್ಮರಾಯನಿಗೆ ಒಂದು ಮಾತು ತಲುಪಿದ್ರೆ ಸಾಕು. ಕ್ಲಾರಿ ಅಂಕಲ್‌ದು ಒಂಬತ್ತು ವರ್ಷದ್ದು ನಾನು ಅಡ್ವಾನ್ಸ್ ಕೊಟ್ಟಿದೀನಿ. ಅದು ತೀರೋವರೆಗೂ ಈ ಕಡೆ ತಲೆ ಹಾಕ್ಬೇಡ ಅಂತ.”